ಕೈ ಒದ್ದೆ ಮಾಡದ ನೀರು

ಕೈ ಒದ್ದೆ ಮಾಡದ ನೀರನ್ನು ನೀರು ಎಂದು ಕರೆಯುವವರ ಮೇಲೆ ನನಗೆ ಮೊದಲಿನಿಂದಲೂ ಸಣ್ಣದೊಂದು ಸಿಟ್ಟು. ನಾನು ಕಲಿಸುವುದು ಹೈಡ್ರಾಲಿಕ್ಸ್. ನನ್ನ ಪ್ರಯೋಗಶಾಲೆಯಲ್ಲಿ ಪಂಪು ಗುಡುಗುತ್ತದೆ, ಕಾಲುವೆ ಸೋರುತ್ತದೆ, ಹುಡುಗರ ಪ್ಯಾಂಟು ಮೊಣಕಾಲಿನವರೆಗೆ ನೆನೆಯುತ್ತದೆ, ತೊಟ್ಟಿಯಲ್ಲಿ ಕಪ್ಪೆಗಳು ಸಂಸಾರ ಹೂಡುತ್ತವೆ. ಕೇರಳದ ಒಟ್ಟಪ್ಪಾಲದ ಹತ್ತಿರದ ನಮ್ಮ ಎಂಜಿನಿಯರಿಂಗ್ ಸಂಸ್ಥೆಗೆ ಜಿನ್ಸಿ ಕುರಿಯಾಕೋಸ್ ಎಂಬ ಹುಡುಗಿ ಮೇಷ್ಟ್ರಾಗಿ ಬಂದು, ತಲೆಗೂದಲಿಗಿಂತ ಹತ್ತಾರು ಸಾವಿರ ಪಟ್ಟು ಸಪುರವಾದ ಕೊಳವೆಯಲ್ಲಿ ನೀರು ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ ಎಂದಾಗ, "ಎಲ್ಲಿ, ಒಂದು ಲೋಟ ಕೊಡು ನೋಡೋಣ" ಎಂದಿದ್ದೆ.

"ಒಂದು ಲೋಟಕ್ಕೆ ಈ ಜನ್ಮ ಸಾಕಾಗಲ್ಲ ಟೀಚರ್. ಒಂದು ಸಾವಿರ ಕಣ ಆದ್ರೆ ನಾಳೆ ಬೆಳಿಗ್ಗೆಗೆ ಕೊಡ್ತೀನಿ" ಎಂದಳು.

ಅವತ್ತೇ ನನಗೆ ಅವಳು ಹಿಡಿಸಿದಳು. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯೂ ಅವಳದೇ ಆಯಿತು. ವಿಭಾಗದಲ್ಲಿ ನಾನು ವಾರಿಜ ಟೀಚರ್, ಮನೆಗೆ ಬಂದರೆ ಚೇಚಿ, ಅಂದರೆ ಅಕ್ಕ. ಮಂಜೇಶ್ವರದಿಂದ ಬಂದು ಇಲ್ಲಿ ಬೇರುಬಿಟ್ಟ ನನಗೆ ಈ ಎರಡು ಹೆಸರಿನ ಬಾಳು ಅಭ್ಯಾಸವಾಗಿಹೋಗಿದೆ.

ಜಿನ್ಸಿ ಕೋತಮಂಗಲದ ಕಡೆಯವಳು. ತಾಯಿ ಕುವೈತಿನಲ್ಲಿ ನರ್ಸು. ಬೆಳೆಸಿದ್ದು ಅಜ್ಜಿ, ಅವರು ಹೇಳುವ ಅಮ್ಮಚ್ಚಿ. ತಾಯಿಯ ಶುಕ್ರವಾರದ ಫೋನಿಗೆ ಅಮ್ಮಚ್ಚಿ ಪಕ್ಕದಲ್ಲೇ ನಿಂತು "ಎಲ್ಲ ಚೆನ್ನಾಗಿದೆ ಅನ್ನು" ಎಂದು ಹೇಳಿಸುತ್ತಿದ್ದಳಂತೆ, ಮೈಯಲ್ಲಿ ಜ್ವರವಿದ್ದರೂ. ಗಂಡ ಎಲ್ದೋ ಕೊಚ್ಚಿಯಲ್ಲಿ ಬ್ಯಾಂಕಿನವನು, ಶನಿವಾರ ರೈಲಿಗೆ ಬಂದು ಸೋಮವಾರ ಹೋಗುವವನು. ಮದುವೆಯಾಗಿ ಐದು ವರ್ಷ. ಕ್ವಾರ್ಟರ್ಸಿನ ಹೆಂಗಸರು "ಏನೂ ವಿಶೇಷ ಇಲ್ವಾ?" ಎಂದು ಹೊಟ್ಟೆ ನೋಡಿ ಕೇಳಿದರೆ, "ಇದೆಯಲ್ಲ, ಹೊಸ ಸರ್ವರ್ ಬಂದಿದೆ" ಎನ್ನುತ್ತಿದ್ದಳು. ನಗಿಸುತ್ತಿದ್ದಳು, ಆದರೆ ತಾನು ನಗುತ್ತಿದ್ದದ್ದು ಕಡಿಮೆ. ಅವಳದು ಇನ್ನೂ ಗುತ್ತಿಗೆಯ ಕೆಲಸ. ಖಾಯಂ ಆಗಬೇಕಾದರೆ ಲೇಖನ ಬೇಕು, ಹಣ ತರುವ ಯೋಜನೆ ಬೇಕು, ಪಿಎಚ್‌ಡಿ ಮುಗಿಸಿದ ಒಬ್ಬ ವಿದ್ಯಾರ್ಥಿಯಾದರೂ ಬೇಕು. ಆ ಮೂರರ ಚಿಂತೆಯಲ್ಲಿ ಅನ್ನ ಬೆಂದು ಅಂಟಾದದ್ದೂ ಗೊತ್ತಾಗದ ಹುಡುಗಿ ಅದು.

ಆ ಒಬ್ಬ ವಿದ್ಯಾರ್ಥಿ ಫವಾಸ್. ತಿರೂರಿನವನು. ತಂದೆ ಇಲ್ಲ, ಉಮ್ಮ ಬಟ್ಟೆ ಹೊಲಿದು ಓದಿಸಿದ್ದು. ಮಾತು ಕಡಿಮೆ, ಕೆಲಸ ಚೊಕ್ಕ. ಅವನ ಪಿಎಚ್‌ಡಿ ಸಮಿತಿಯಲ್ಲಿ ಹೊರ ವಿಭಾಗದ ಸದಸ್ಯೆಯಾಗಿ ನನ್ನನ್ನು ಹಾಕಿದ್ದರಿಂದ ಆರು ತಿಂಗಳಿಗೊಮ್ಮೆ ಆ ಒಣ ನೀರಿನ ಕಥೆ ಕೇಳುವ ಯೋಗ ನನ್ನದಾಯಿತು. ಇಬ್ಬರೂ ಸೇರಿ ಬರೆದ ಲೇಖನದ ಸಾರ ಇಷ್ಟು: ಅವರ ಕೊಳವೆಯಲ್ಲಿ ನೀರು ಗೋಡೆಗೆ ಉಜ್ಜಿಕೊಳ್ಳದೆ, ಯಾರೂ ನಿರೀಕ್ಷಿಸದ ವೇಗದಲ್ಲಿ ಓಡುತ್ತದೆ. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರಕ್ಕೆ ಅದು ವರದಾನ. ಲೇಖನಕ್ಕೆ ಯುವ ಸಂಶೋಧಕರ ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೊ ಬಂತು. ಅಲ್ಲಿಯವರೆಗೆ ಅವಳ ಹೆಸರನ್ನು ಜಾನ್ಸಿ ಎಂದೇ ಕರೆಯುತ್ತಿದ್ದ ವಿಭಾಗದ ಮುಖ್ಯಸ್ಥ ಸೋಮರಾಜನ್ ಗೇಟಿನಲ್ಲಿ ಬ್ಯಾನರು ಕಟ್ಟಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು.

ಮರುವರ್ಷ ಫೆಬ್ರವರಿಯಲ್ಲಿ, ಖಾಯಂ ಮಾಡುವ ಸಮಿತಿಗೆ ಇನ್ನು ಕೆಲವೇ ವಾರ ಇದ್ದಾಗ, ಜಿನ್ಸಿ ಒಂದು ಸಣ್ಣ ಚಿತ್ರ ತಯಾರಿಸಲು ಕೂತಳು. ಕೊಳವೆಯಲ್ಲಿ ಕಣಗಳು ಹರಿಯುವುದನ್ನು ತೆರೆಯ ಮೇಲೆ ತೋರಿಸುವ ಚಿತ್ರ. ಸಮಿತಿಯ ಮುದುಕರ ಕಣ್ಣಿಗೆ ಸುಲಭವಾಗಲಿ ಎಂದು ಒಂದೇ ಒಂದು ಕಣಕ್ಕೆ ಕೆಂಪು ಬಣ್ಣ ಕೊಟ್ಟಳು. ಚಿತ್ರ ಓಡಿತು, ಕೆಂಪು ಕಣವೂ ಓಡಿತು. ಆದರೆ ಅದರ ಅಕ್ಕಪಕ್ಕದವರು ಬದಲಾಗಲೇ ಇಲ್ಲ. ಆ ತುದಿಯಿಂದ ಈ ತುದಿಯವರೆಗೆ ಅವೇ ನೆರೆಹೊರೆ, ಮದುವೆ ಬಸ್ಸಿನಲ್ಲಿ ಕೂತವರ ಹಾಗೆ.

ಸಂಜೆ ನನ್ನ ಜಗಲಿಗೆ ಬಂದು ಕೂತಳು.

"ಚೇಚಿ, ನೀರನ್ನ ತಳ್ಳಿದ್ರೆ ಬಿಸಿ ಏರುತ್ತೆ. ಅದು ಏರದ ಹಾಗೆ ಹಿಡಿಯೋಕೆ ಲೆಕ್ಕದೊಳಗೆ ಒಂದು ನಿಯಮ ಹಾಕಿರ್ತೀವಿ. ಕಣಗಳು ಎಷ್ಟು ಜೋರಾಗಿ ಓಡಾಡ್ತಿವೆ ಅಂತ ನೋಡಿ ಅದು ಬಿಸಿ ಅಳೆಯುತ್ತೆ. ನಾನು ಮುಂದಕ್ಕೆ ಹರಿಯೋ ಓಟವನ್ನೂ ಆ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದೀನಿ. ಅದು ಒಳಗಿನ ಚಲನೆಯನ್ನೆಲ್ಲ ಹೀರಿ ಹೀರಿ ಮುಂದಿನ ಓಟಕ್ಕೆ ಕೊಟ್ಟಿದೆ. ಬಿಸಿ ಸರಿಯಾಗಿದೆ ಅಂತಾನೇ ತೋರಿಸ್ತಿದೆ. ಒಳಗೆ ಹೆಪ್ಪುಗಟ್ಟಿದೆ."

"ಮತ್ತೆ ಓಡ್ತಿರೋದು ಏನು?"

"ಮಂಜುಗಡ್ಡೆ. ಇಡೀ ಗಡ್ಡೆ ಜಾರ್ತಾ ಇದೆ" ಎಂದಳು. "ಇದೇನು ಗೊತ್ತಿಲ್ಲದ ತಪ್ಪಲ್ಲ ಚೇಚಿ. ಪಾಠದಲ್ಲೇ ಇದೆ. ನಾನೇ ಎರಡು ವರ್ಷ ಕಲಿಸಿದ್ದೀನಿ."

ನನಗೆ ಬಂದದ್ದು ಮೊದಲು ನಗು, ಆಮೇಲೆ ಹೆದರಿಕೆ. ಲೇಖನ ವಾಪಸು ಪಡೆದರೆ ಇವಳ ಖಾಯಂ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಫವಾಸನ ಪ್ರಬಂಧದ ಅರ್ಧ ಭಾಗ ನಿಂತಿರುವುದೇ ಆ ವೇಗದ ಮೇಲೆ. ತಿರೂರಿನಲ್ಲಿ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಾಲೇಜಿನಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ಮಾರ್ಚಿನೊಳಗೆ ಪ್ರಬಂಧ ಸಲ್ಲಿಸಿರಬೇಕು ಎಂಬುದೊಂದೇ ಷರತ್ತು.

ಸೋಮರಾಜನ್ ಹತ್ತಿರ ಹೋದಳು. ನಾನೂ ಜೊತೆಗಿದ್ದೆ.

"ಜಿನ್ಸೀ, ಆ ಲೇಖನ ಓದಿದವರು ಹತ್ತು ಜನ" ಎಂದರು ಅವರು, ಪರಿಪ್ಪುವಡೆ ಮುರಿಯುತ್ತ. "ಅರ್ಥ ಆದವರು ಇಬ್ಬರು. ಆ ಇಬ್ಬರೂ ಬರೆದ ನೀವೇ. ಸಮಿತಿ ಮುಗೀಲಿ, ಹುಡುಗ ಪ್ರಬಂಧ ಕೊಡ್ಲಿ. ಆಮೇಲೆ ಬೇಕಾದ್ರೆ ಹರಿಶ್ಚಂದ್ರ ಆಗು, ಯಾರು ಬೇಡ ಅಂದ್ರು?"

"ಅಷ್ಟರಲ್ಲಿ ಯಾರಾದ್ರೂ ಇದನ್ನ ನಂಬಿ ಕೆಲಸ ಶುರು ಮಾಡಿದ್ರೆ ಸಾರ್?"

"ಮಾಡ್ಲಿ. ಅವರಿಗೂ ಒಂದು ಲೇಖನ ಆಗುತ್ತೆ."

ಆ ಮನುಷ್ಯನ ಮೇಲೆ ನನಗೆ ಮೊದಲೂ ಗೌರವ ಇರಲಿಲ್ಲ. ಆದರೆ ಅವತ್ತು ಹೊರಗೆ ಬಂದಾಗ ಅವರು ಹೇಳಿದ್ದು ಸರಿಯಿರಬಹುದೇ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಒಬ್ಬ ಬಡವನ ಮಗನ ಕೆಲಸ ದೊಡ್ಡದೋ, ಯಾರೂ ಓದದ ಲೇಖನದ ಸತ್ಯ ದೊಡ್ಡದೋ? ಜಿನ್ಸಿಗೆ ಹಾಗೇ ಹೇಳಿದೆ.

"ಅದನ್ನ ನಾವಿಬ್ಬರು ತೀರ್ಮಾನ ಮಾಡೋದಲ್ಲ ಚೇಚಿ" ಎಂದಳು.

ಭಾನುವಾರ ಅವಳು ಚರ್ಚಿನಿಂದ ಬಂದ ಮೇಲೆ ಫವಾಸನನ್ನು ನನ್ನ ಮನೆಗೆ ಕರೆಸಿದೆವು. ಹಾಲಿಲ್ಲದ ಕಟ್ಟನ್ ಚಹಾ ಮಾಡಿದೆ, ನೇಂದ್ರ ಬಾಳೆಯ ಪಳಂಪೊರಿ ಕರಿದೆ. ಅಡಿಗೆಮನೆಯ ಮೇಜಿಗೆ ಕೂತು ಜಿನ್ಸಿ ಎಲ್ಲವನ್ನೂ ಹೇಳಿದಳು, ಕೆಂಪು ಕಣದಿಂದ ಹಿಡಿದು ಮಂಜುಗಡ್ಡೆಯವರೆಗೆ. ಅವನು ತಲೆ ಎತ್ತದೆ ಕೇಳಿದ.

"ಗೊತ್ತು ಮಿಸ್" ಎಂದ.

"ಏನು ಗೊತ್ತು?"

"ಆ ನಿಯಮ. ಹರಿಯೋ ದಿಕ್ಕನ್ನ ಲೆಕ್ಕದಿಂದ ಬಿಟ್ಟು ಓಡಿಸಿ ನೋಡಿದ್ದೆ. ವೇಗ ಐದರಲ್ಲಿ ಒಂದು ಪಾಲಿಗೆ ಬಿತ್ತು."

"ಯಾವಾಗ?"

"ಓಣಂ ಹತ್ರ."

ಸೆಪ್ಟೆಂಬರಿನ ಓಣಂ ಎಲ್ಲಿ, ಫೆಬ್ರವರಿ ಎಲ್ಲಿ. ತಡೆಯಲಾಗದೆ ನಾನೇ ಕೂಗಿದೆ, "ಇಷ್ಟು ದಿನ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯೇನೋ?"

"ಟೀಚರೂ ಸಮಿತೀಲಿ ಇದ್ರಲ್ಲ. ನಿದ್ದೆ ಮಾಡ್ತಿದ್ರಿ."

ಸುಳ್ಳಲ್ಲ. ಆದರೂ ಹೇಳಬಾರದಿತ್ತು.

"ಯಾಕೆ ಹೇಳ್ಲಿಲ್ಲ ಫವಾಸ್?" ಜಿನ್ಸಿ ಮೆತ್ತಗೆ ಕೇಳಿದಳು.

ಅವನು ಚಹಾದ ಲೋಟ ದೂರ ಸರಿಸಿದ. "ಈಗ ನೀವು ಪತ್ರ ಬರೀತೀರಿ, ಅಲ್ವಾ? ಬರೀರಿ. ಖಾಯಂ ಆಗದಿದ್ರೂ ನಿಮಗೆ ಇನ್ನೆಲ್ಲೋ ಸಿಗುತ್ತೆ, ಮನೇಲಿ ಸಂಬಳ ತರೋ ಎಲ್ದೋ ಚೇಟನ್ ಇದಾರೆ. ನಿಮ್ಮ ಸತ್ಯದ ಬಸ್ ಚಾರ್ಜು ನಾನ್ಯಾಕೆ ಕೊಡ್ಬೇಕು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ತಪ್ಪು ನನ್ನದು ಅಂತಾನೇ ಬರೀತೀನಿ."

"ಆಗ ನಾಲ್ಕು ವರ್ಷ ಕಣ್ಣು ಕಾಣದ ದಡ್ಡ ನಾನು. ನನಗೆ ಗೊತ್ತಿತ್ತು ಅಂತ ಬರೆದ್ರೆ ಕಳ್ಳ. ಎರಡರಲ್ಲಿ ಯಾವುದು ಮಾಡ್ತೀರಿ ಮಿಸ್ ನನ್ನ?"

ಪಳಂಪೊರಿ ಯಾರೂ ಮುಟ್ಟಲಿಲ್ಲ. ಅವನು ಎದ್ದು ಹೋದ. ಸಿಟ್ಟಿನಲ್ಲಿ ಚಪ್ಪಲಿ ಹಾಕಿಕೊಳ್ಳಲೂ ಒದ್ದಾಡುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

ಮಂಗಳವಾರ ಜಿನ್ಸಿ ಪತ್ರ ಬರೆದಳು. ಫವಾಸನನ್ನು ಕೋಣೆಗೆ ಕರೆದು ತೋರಿಸಿದಳು. ಲೇಖನ ಹಿಂತೆಗೆದುಕೊಳ್ಳುತ್ತೇವೆ, ತಪ್ಪನ್ನು ಮೊದಲು ಕಂಡವನು ಫವಾಸ್, ಮೊದಲು ಕಾಣಬೇಕಾಗಿದ್ದವಳು ನಾನು. ಅಷ್ಟೇ ಇತ್ತು. ಅವನು ಓದಿ, "ಯಾವಾಗ ಕಂಡೆ ಅಂತ ಬರ್ದಿಲ್ಲ" ಎಂದ. "ಅದು ನಿನಗೆ ಬಿಟ್ಟಿದ್ದು. ಖಾಲಿ ಬಿಟ್ಟರೂ ನಾನು ಕಳಿಸ್ತೀನಿ" ಎಂದಳಂತೆ. ಅವನು ಪೆನ್ನು ತೆಗೆದುಕೊಂಡು ಬಗ್ಗಿ ತಾನೇ ಸೆಪ್ಟೆಂಬರ್ ಎಂದು ಸೇರಿಸಿದ. ಜಿನ್ಸಿ ಇದನ್ನು ಹೇಳಿದಾಗ ನನಗೆ ಹೆಮ್ಮೆ ಪಡಬೇಕೋ ಆ ಹುಡುಗನ ಬೆನ್ನಿಗೆ ಗುದ್ದಬೇಕೋ ಗೊತ್ತಾಗಲಿಲ್ಲ.

ಸಮಿತಿ ಸೇರಿತು. ಹೊರಗಿನಿಂದ ಬಂದಿದ್ದ ಒಬ್ಬ ಹಿರಿಯರು ಪತ್ರ ಹಿಡಿದು, ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ ನಿಮ್ಮ ವಿದ್ಯಾರ್ಥಿ ಏನು ಮಾಡುತ್ತಿದ್ದ ಎಂದು ಕೇಳಿದರು. "ಅದಕ್ಕೆ ಅವನು ಉತ್ತರ ಕೊಡಬೇಕಾಗಿಲ್ಲ ಸಾರ್, ಅವನ ಗೈಡ್ ನಾನು" ಎಂದಳಂತೆ ಜಿನ್ಸಿ. ಅವರು ಹೊಗಳಲೂ ಇಲ್ಲ, ಬಯ್ಯಲೂ ಇಲ್ಲ. ಖಾಯಂ ಮಾಡಲಿಲ್ಲ, ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಸಿದರು. ಬ್ಯಾನರನ್ನು ಸೋಮರಾಜನ್ ಊಟಕ್ಕೆ ಮೊದಲೇ ಬಿಚ್ಚಿಸಿದರು. ಫವಾಸ್ ಆ ಅಧ್ಯಾಯಗಳನ್ನು ಮತ್ತೆ ಮಾಡಬೇಕು ಎಂದಾಯಿತು. ತಿರೂರಿನ ಕಾಲೇಜು ಕಾಯಲಿಲ್ಲ, ಪಟ್ಟಿಯ ಎರಡನೆಯವನನ್ನು ಕರೆಯಿತು.

"ಉಮ್ಮಾಗೆ ಹೇಳಿದ್ಯಾ?" ಎಂದು ಜಿನ್ಸಿ ಕೇಳಿದ್ದಕ್ಕೆ ಅವನು, "ನೀವೇ ಬಂದು ಹೇಳಿ" ಎಂದಿದ್ದ. ಅದು ಚುಚ್ಚುಮಾತು. ಅವಳು ಅದನ್ನು ಆಮಂತ್ರಣ ಎಂದೇ ಹಿಡಿದಳು. ಮುಂದಿನ ಭಾನುವಾರ ನನ್ನ ಹಳೆ ಮಾರುತಿಯಲ್ಲಿ ಮೂವರೂ ಹೊರಟೆವು. ದಾರಿ ಪಕ್ಕದ ಹೊಳೆ ಬೇಸಿಗೆಗೆ ಮೊದಲೇ ಬತ್ತಿ ಮರಳಿನ ಬಯಲಾಗಿತ್ತು.

ಫವಾಸನ ಉಮ್ಮ ಆಯಿಷಾಬಿ ಮೊದಲು ಉಣ್ಣಿಸಲು ಕೂರಿಸಿದರು. ಅಕ್ಕಿರೊಟ್ಟಿಯ ಹಾಗಿನ ಪತ್ತಿರಿ, ಕೋಳಿ ಸಾರು, ಸಸ್ಯಾಹಾರಿಯಾದ ನನಗೆಂದು ಬೇರೆಯಾಗಿ ಕಡಲೆ. ಜಿನ್ಸಿ ತುತ್ತು ಮುರಿಯುವ ಮೊದಲೇ ಹೇಳಿಬಿಟ್ಟಳು. ನನ್ನಿಂದ ಲೆಕ್ಕ ತಪ್ಪಿತು, ಅದರಿಂದ ಇವನ ಕೆಲಸ ಹೋಯಿತು, ಇವನಿಗೆ ಅದು ಓಣಂ ಹೊತ್ತಿಗೇ ಗೊತ್ತಿತ್ತು, ಆದರೆ ನನಗೆ ಹೇಳಲಿಲ್ಲ.

ಉಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಇದೇನಾ ವಿಷಯ? ಓಣಂ ಕಳೆದ ಮೇಲೆ ಇವನು ಸರಿಯಾಗಿ ಉಂಡೇ ಇಲ್ಲ ಮಗಳೇ. ಯಾವುದೋ ಹುಡುಗಿ ಅಂದ್ಕೊಂಡು ನಾನು ಮಂಬುರಂ ದರ್ಗಾಕ್ಕೆ ಹೋಗಿ ಹರಕೆ ಹೊತ್ತು ಬಂದೆ."

"ಕೆಲಸ ಹೋಯ್ತು ಉಮ್ಮಾ" ಎಂದಳು ಜಿನ್ಸಿ, ಅವರಿಗೆ ಅರ್ಥವಾಗಲಿಲ್ಲವೇನೋ ಎಂಬಂತೆ.

"ಕೇಳಿಸ್ತು. ಹೋದ್ರೆ ಹೋಗ್ಲಿ ಅನ್ನೋಷ್ಟು ದೊಡ್ಡವಳಲ್ಲ ನಾನು. ಮಿಷನ್ ತುಳಿದು ತುಳಿದು ಕಾಲು ಹೋಗಿದೆ, ಬೇಜಾರಾಗುತ್ತೆ." ಪತ್ತಿರಿಯನ್ನು ಅವಳ ತಟ್ಟೆಗೆ ಹಾಕಿದರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮ ಹತ್ರ ಹೇಳೋಕೆ ಇವನಿಗೆ ಯಾಕೆ ಅಷ್ಟು ಹೆದರಿಕೆ? ಬಯ್ತೀರಾ ನೀವು?"

ಸಮಿತಿಗೆ ಪಟಪಟನೆ ಉತ್ತರ ಕೊಟ್ಟವಳು ಪತ್ತಿರಿ ಮುರಿದು ಸಾರಿನಲ್ಲಿ ಅದ್ದತೊಡಗಿದಳು.

"ಹೆದರಿಕೆ ಅಲ್ಲ ಉಮ್ಮಾ" ಬಾಗಿಲಿಗೆ ಒರಗಿ ನಿಂತಿದ್ದ ಫವಾಸ್ ಹೇಳಿದ. "ಹೇಳ್ಬೇಕಂತಾನೇ ಮಿಸ್ ರೂಮಿಗೆ ಹೋಗಿದ್ದೆ. ಆಗ ತಾನೇ ಬಹುಮಾನದ ಸುದ್ದಿ ಬಂದಿತ್ತು. ಕೇಕ್ ಕಟ್ ಮಾಡ್ತಿದ್ರು. ಮೊದಲ್ನೇ ತುಂಡು ನನ್ನ ಕೈಗೆ ಕೊಟ್ರು. ಅಷ್ಟು ವರ್ಷದಲ್ಲಿ ಮಿಸ್ ಅಷ್ಟು ಖುಷಿಯಾಗಿದ್ದು ನಾನು ನೋಡೇ ಇರ್ಲಿಲ್ಲ."

"ಆಮೇಲೆ?" ಉಮ್ಮ ಕೇಳಿದರು.

"ತಿಂದೆ."

ಜಿನ್ಸಿ ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ನಾನು ಅದೇ ಮೊದಲು ಕಂಡದ್ದು. ಉಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, ಒಳಗೆ ಹೋಗು ಎಂದು ಮಗನಿಗೆ ಕಣ್ಸನ್ನೆ ಮಾಡಿದರು. ಅವನು ಹೋಗಲಿಲ್ಲ.