ಎರಡು ಬ್ಲೇಡಿನ ಸಂದು

ನಮ್ಮ ಭಾವನ ಎಡಗಿವಿಯ ಸುತ್ತ ಸದಾ ಒಂದು ಕಪ್ಪು ಉಂಗುರ ಇರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಹಿಡಿಯ ಜಿಡ್ಡು ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ನಾವು ಬಾಡಿಗೆಗಿದ್ದ ವಾಡೆಯ ಮಾಲೀಕರು ಮಹಡಿಯಿಂದ ಬಾಗಿ, "ಕಾಯ ಡಾಕ್ಟರ, ನಾಡೀ ಕಶೀ ಆಹೇ?" ಎಂದು ಮರಾಠಿಯಲ್ಲಿ ನಾಡಿ ವಿಚಾರಿಸಿ ಛೇಡಿಸುವರು. ಭಾವ ಕಣ್ಣು ತೆರೆಯದೆ, ಸುಮ್ಮನಿರಿ ಎಂದು ಕೈ ಆಡಿಸುವರು.

ಅವರು ನನ್ನ ಅಕ್ಕನ ಗಂಡ. ಧಾರವಾಡದ ಕಡೆಯಿಂದ ಪುಣೆಗೆ ಬಂದು ಒಂದು ಹಳೆಯ ಬಾಡಿಗೆ ಮೋಟಾರು ಓಡಿಸುತ್ತಿದ್ದರು. ಅದು ಯುದ್ಧದ ಕಾಲ. ಬಿಡಿಭಾಗಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ದಂಡಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಅವರ ಮನೆಯಲ್ಲೇ ಉಂಡುಕೊಂಡಿದ್ದೆ. ಗಾಡಿಯನ್ನು ಅವರು ಯಾವ ಮಿಸ್ತ್ರಿಯ ಕೈಗೂ ಕೊಟ್ಟವರಲ್ಲ. ಭಾನುವಾರ ಬೆಳಿಗ್ಗೆ, ದಾಡಿ ಮಾಡಿ ಮೊಂಡಾದ ಬ್ಲೇಡುಗಳನ್ನು ಒರೆಸಿಕೊಂಡು ಅಂಗಳಕ್ಕೆ ಇಳಿದು ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚುತ್ತಿದ್ದರು. ಹ್ಯಾಂಡಲ್ ತಿರುಗಿಸಿ ಒಂದೊಂದೇ ವಾಲ್ವು ಪೂರ್ತಿ ಮುಚ್ಚುವಂತೆ ಮಾಡುವುದು. ವಾಲ್ವಿನ ಬುಡಕ್ಕೂ ಅದನ್ನು ಎತ್ತುವ ಕಡ್ಡಿಗೂ ನಡುವಿನ ಸಂದಿಯಲ್ಲಿ ಎರಡು ಬ್ಲೇಡು ಜೋಡಿಸಿ ತೂರಿಸುವುದು. ಹೋಗದಿದ್ದರೆ ಪಾನಾ ಹಾಕಿ ನಟ್ಟು ಸಡಿಲಿಸುವುದು, ಸಲೀಸಾಗಿ ಹೋದರೆ ಬಿಗಿಯುವುದು. ಸ್ನಾನದ ನೀರು ಆರಿ ಹೋಗುವವರೆಗೂ ಇದೇ ಪೂಜೆ.

"ಕಾದ ಮ್ಯಾಲೆ ಕಬ್ಬಿಣಕ್ಕೂ ಹಿಗ್ಗಾಕ ಜಾಗಾ ಬೇಕೋ," ಎಂದು ನನಗೆ ಹೇಳುತ್ತಿದ್ದರು. "ಸಂದು ಬಿಡದಿದ್ರ ವಾಲ್ವು ಪೂರಾ ಮುಚ್ಚೂದಿಲ್ಲ. ಗಾಡೀ ದಮ್ಮ ಹೋಗತದ."

ಸಂದು ಇದ್ದ ಮೇಲೆ ಸಣ್ಣಗೆ ಟಕಟಕ ಸಪ್ಪಳ ಇದ್ದೇ ಇರುತ್ತದೆ. ಅದು ಕೇಳಿಸಿದರೆ ಭಾವನಿಗೆ ಜೀವಕ್ಕೆ ಸಮಾಧಾನ.

ಅಷ್ಟರಲ್ಲಿ ಅಕ್ಕ ಕ್ಷಯದಿಂದ ಹಾಸಿಗೆ ಹಿಡಿದಳು. ಅವಳ ಕೋಣೆಯ ಕಿಟಕಿ ಅಂಗಳಕ್ಕೇ ಇತ್ತು. ಬೆಳಿಗ್ಗೆ ಗಾಡಿ ಚಾಲೂ ಆದ ಕೂಡಲೇ ಸೆರಗನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಒಂದು ದಿನ ಅತ್ತೇಬಿಟ್ಟಳು. "ಆ ಟಕಟಕ ನನ್ನ ಎದ್ಯಾಗ ಬಡದಂಗ ಆಗತದ್ರಿ. ನಿಮಗ ಕೈ ಮುಗೀತೀನಿ, ಅದನ್ನ ನಿಲ್ಲಸ್ರಿ."

ಅವಳು ಗಂಡನ ಹತ್ತಿರ ಏನನ್ನೂ ಬೇಡಿದವಳಲ್ಲ. ಆ ಭಾನುವಾರ ಭಾವ ಬ್ಲೇಡು ಇಲ್ಲದೆ ಅಂಗಳಕ್ಕಿಳಿದು ಸಂದುಗಳನ್ನೆಲ್ಲ ಮುಚ್ಚಿದರು. ಮರುದಿನ ಗಾಡಿ ಚಾಲೂ ಆದದ್ದೇ ಗೊತ್ತಾಗಲಿಲ್ಲ. ಅಕ್ಕ ಕಿಟಕಿಯಲ್ಲಿ ನಕ್ಕಳು. ಪೇಟೆಯ ಸಣ್ಣ ಸಣ್ಣ ಸವಾರಿ. ಇಂಜಿನ್ನು ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಜಾಗ ಬರುತ್ತಿತ್ತು, ಹಾಗಾಗಿ ತೊಂದರೆ ಕಾಣಲಿಲ್ಲ. "ಅಕೀ ಆರಾಮ ಆದ ಮ್ಯಾಲೆ ಮತ್ತ ಬಿಡಸ್ತೀನಿ" ಎಂದರು ಭಾವ.

ಆರಾಮ ಆಗಲಿಲ್ಲ. ಘಟ್ಟದಾಚೆ, ಗುಡ್ಡದ ಮೇಲಿನ ಕ್ಷಯದ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ, ಇವತ್ತು ಹೊತ್ತು ಮುಳುಗುವುದರೊಳಗೆ ಮುಟ್ಟಿದರೆ ನಿಮ್ಮದು, ಇಲ್ಲದಿದ್ದರೆ ಬೇರೆಯವರಿಗೆ ಎಂದು ಒಂದು ಮುಂಜಾನೆ ಕರೆ ಬಂತು. ಭಾವ ಅಕ್ಕನನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ನನ್ನ ತೊಡೆಯ ಮೇಲೆ. ಆ ಗಡಿಬಿಡಿಯಲ್ಲಿ ಸಂದಿನ ನೆನಪು ಅವರಿಗೆ ಬರಲೇ ಇಲ್ಲ.

ಕಾತ್ರಜ ಘಟ್ಟದ ಏರಿನ ನಡುವೆ ಗಾಡಿ ಮುಗ್ಗರಿಸಿ ನಿಂತಿತು. ಭಾವ ಸ್ಟೇರಿಂಗ್ ಮೇಲೆ ಹಣೆ ಇಟ್ಟರು. "ಸಂದು ಮುಚ್ಚಿದಾವ ನಾನ. ಮರತಬಿಟ್ಟೆನಲ್ಲೋ!" ಎಂದರು. ಇಂಜಿನ್ನು ಆರಲಿ ಎಂದು ಕಾಯಲು ಹೊತ್ತಿರಲಿಲ್ಲ. ಧೋತರದ ಅಂಚು ಹರಿದು ಬೆರಳಿಗೆ ಸುತ್ತಿಕೊಂಡು ಕೆಂಡದಂಥ ಕಬ್ಬಿಣದ ಒಳಗೆ ಕೈಯಿಟ್ಟರು. ಬಟ್ಟೆ ಕಮರಿತು, ಆಮೇಲೆ ಚರ್ಮ ಸುಟ್ಟ ವಾಸನೆ.

"ಏನ ಮಾಡಾಕತ್ತಾರೋ?" ಎಂದಳು ಅಕ್ಕ.

"ನೀರ ಹಾಕಾಕತ್ತಾರ," ಎಂದೆ.

ಸಂದು ಬಿಡಿಸಿದರು. ಆದರೆ ಒಂದು ವಾಲ್ವು ಆಗಲೇ ಸುಟ್ಟುಹೋಗಿತ್ತು. ಗಾಡಿ ಹತ್ತಿತು, ತೆವಳಿಕೊಂಡು ಹತ್ತಿತು. ದಾರಿಯುದ್ದಕ್ಕೂ ಭಾವ ಸೂರ್ಯನನ್ನೇ ನೋಡುತ್ತಿದ್ದರು. ನಾವು ಮುಟ್ಟಿದಾಗ ಆಸ್ಪತ್ರೆಯಲ್ಲಿ ದೀಪ ಹಚ್ಚಿದ್ದರು, ಹಾಸಿಗೆಯಲ್ಲಿ ಯಾರೋ ಮಲಗಿದ್ದರು. ಅಲ್ಲಿನ ಡಾಕ್ಟರರು ಬೆಳಗಾವಿಯ ಕಡೆಯವರು, ಒಳ್ಳೆಯವರು. ಮತ್ತೆ ಖಾಲಿಯಾದರೆ ಹೇಳಿ ಕಳಿಸುತ್ತೇನೆ ಎಂದರು.

ಹೇಳಿ ಕಳಿಸುವ ಮೊದಲೇ ಅಕ್ಕ ಹೋದಳು. ಭಾವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತೇನೋ. ಅನ್ನ ಕಲೆಸಿ, ಹಾಗೇ ಬಿಟ್ಟು ಎದ್ದುಬಿಡುತ್ತಿದ್ದರು. ಗಾಡಿ ರಿಪೇರಿ ಮಾಡಿಕೊಂಡು ಮತ್ತೆ ಸವಾರಿಗೆ ಹೋದರು. ಆ ಮನೆಯಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಂದು ಮಳೆಗಾಲ ಕಳೆದೆವು.

ಚಳಿ ಶುರುವಾದಾಗ ನನ್ನ ಕೆಮ್ಮಿನಲ್ಲಿ ರಕ್ತ ಬಂತು. ಸ್ವಲ್ಪ ದಿನಕ್ಕೆ ಭಾವ ಬಂದು, "ಗುಡ್ಡದ ಮ್ಯಾಲಿನ ದವಾಖಾನ್ಯಾಗ ಹಾಸಿಗಿ ಖಾಲೀ ಆಗೇದ. ಏಳು," ಎಂದರು. ಗಾಡಿ ಎಲ್ಲೂ ನಿಲ್ಲದೆ ಕಾತ್ರಜ ದಾಟಿತು. ದಾರಿಯಲ್ಲಿ ಅವರು ಕೆಮ್ಮುತ್ತಿದ್ದರು. ಕೇಳಿದ್ದಕ್ಕೆ, "ಪೆಟ್ರೋಲಿನ ಹೊಗಿ" ಎಂದರು. ನಂಬಿದೆ. ನನ್ನನ್ನು ಮಲಗಿಸಿ, ಕಂಬಳಿಯನ್ನು ಗದ್ದದವರೆಗೂ ಹೊದಿಸಿ, "ಮನೀಗೆ ಬರಾಕ ಅವಸರ ಮಾಡಬ್ಯಾಡ" ಎಂದು ಹೇಳಿ ಹೋದರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅಲ್ಲೇ, ನಾನು ಚೇತರಿಸಿಕೊಳ್ಳುತ್ತಿದ್ದಾಗ. ಕ್ಷಯವಂತೆ. ನಾನು ಡಾಕ್ಟರರ ಜೊತೆ ಜಗಳಕ್ಕೇ ನಿಂತೆ: ಎಲ್ಲಿಯ ಕ್ಷಯರೀ, ನನ್ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ ಮನುಷ್ಯ! ಡಾಕ್ಟರರು ನನ್ನ ಮುಖ ನೋಡಿದರು.

"ಈ ಹಾಸಿಗೀಗೆ ನಾ ಕರಸಿದ್ದು ಅವರನ್ನ," ಎಂದರು. "ಅವರು ನಿಮ್ಮನ್ನ ಕರಕೊಂಡ ಬಂದ್ರು."

ಆ ಹಾಸಿಗೆಯ ಮೇಲೆ ನಾನು ಇನ್ನೂ ಬೇಸಿಗೆಯವರೆಗೆ ಮಲಗಬೇಕಾಗಿತ್ತು.