ಲೂಸಿಬಾಯಿ ಕಾದ ಕ್ರಿಸ್ಮಸ್

ಕೆಳಗಿನ ಮಹಡಿಯ ಹುಡುಗಿ ಮೊನ್ನೆ ತನ್ನ ಬಾಲ್ಕನಿಗೆ ಕಾಗದದ ನಕ್ಷತ್ರ ಕಟ್ಟಿದ್ದಾಳೆ. ಒಳಗೊಂದು ಬಲ್ಬು. ಸಂಜೆಯಾದರೆ ಅದರ ಕೆಂಪು ಬೆಳಕು ನನ್ನ ಅಡುಗೆಮನೆಯ ಗೋಡೆಯ ಮೇಲೆ ಬಂದು ಕೂರುತ್ತದೆ. ಕಾಂದಿವಲಿಯ ಈ ಬಿಲ್ಡಿಂಗಿಗೆ ಬಂದು ಇಷ್ಟು ವರ್ಷವಾಯಿತು, ನನ್ನ ಗೋಡೆಗೆ ಹೀಗೆ ಕೇಳದೆ ಬಂದ ಅತಿಥಿ ಇದೇ ಮೊದಲು. ನಿನ್ನೆ ಹಾಲು ಕಾಯಿಸಲು ಹೋದವಳು ಆ ಬೆಳಕನ್ನೇ ನೋಡುತ್ತ ನಿಂತೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಸೊಸೆ ಒರೆಸುವ ಬಟ್ಟೆ ತಂದು ಒಲೆಯ ಪಕ್ಕ ಇಟ್ಟು ಹೋದಳು.

ಈ ಬೆಳಕು ನೆನಪಿಗೆ ತಂದ ಕ್ರಿಸ್ಮಸ್ಸಿನಲ್ಲಿ ನಾನು ಅಂಧೇರಿಯ ಚಾಳಿನಲ್ಲಿದ್ದೆ, ಒಂದೊಂದು ಕೋಣೆಯ ಮನೆಗಳ ವಠಾರ ಅದು. ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ ಡಿಸೆಂಬರು ಅದು, ಎಪ್ಪತ್ತೊಂದರ ಯುದ್ಧದ ಡಿಸೆಂಬರು. ನಿಮ್ಮಲ್ಲಿ ನನ್ನ ವಯಸ್ಸಿನವರಿದ್ದರೆ ನೆನಪಿರಬೇಕು. ಸೈರನ್ ಕೂಗಿದರೆ ವೈರಿ ವಿಮಾನಕ್ಕೆ ಕಾಣದ ಹಾಗೆ ದೀಪ ಆರಿಸಬೇಕು, ಬೀಡಿ ಕೂಡ ಸೇದಬಾರದು. ಮುಂಬಯಿ ಎಂಬ ಊರು ಕತ್ತಲಾಗಬಲ್ಲದು ಎಂದು ನನಗೆ ಗೊತ್ತಾದದ್ದು ಆಗಲೇ. ಮದುವೆಯಾಗಿ ಧಾರವಾಡದಿಂದ ಬಂದವಳಿಗೆ ಇಲ್ಲಿನ ಬೆಳಕಿನ ಗದ್ದಲ ಅಭ್ಯಾಸವಾಗುವಷ್ಟರಲ್ಲಿ ಬೆಳಕೇ ಇಲ್ಲವಾಯಿತು. ಕತ್ತಲಲ್ಲಿ ಲೋಕಲ್ ರೈಲು ಹೋಗುವ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಅದು ನಿಂತಾಗ ತಲೆಯ ಮೇಲೆ ನಕ್ಷತ್ರಗಳು ಕಾಣುತ್ತಿದ್ದವು, ನಮ್ಮ ಊರಿನ ಅಂಗಳದಲ್ಲಿ ಕಾಣುವಷ್ಟೇ.

ನಮ್ಮ ಖೋಲಿಗೆ ಹೊಂದಿ ಇದ್ದದ್ದು ಲೂಸಿಬಾಯಿಯ ಖೋಲಿ. ಮಂಗಳೂರಿನ ಕಡೆಯ ಕೆಥೋಲಿಕ್ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳ ಫ್ರಾಕು, ಅಂಗಿ ಹೊಲಿಯುತ್ತಿದ್ದರು. ಇಬ್ಬರೂ ಕನ್ನಡದವರೇ ಎಂದು ಮೊದಲ ದಿನ ನಾನು ಹಿಗ್ಗಿದ್ದೆ. ಮಾತಾಡಲು ಶುರುಮಾಡಿದ ಮೇಲೆ ಹಿಗ್ಗು ಸ್ವಲ್ಪ ಇಳಿಯಿತು. "ಬೊಂಡ ಕುಡಿಯುತ್ತೀಯಾ ಮಗಾ?" ಎಂದು ಅವರು ಕೇಳಿದಾಗ ನಾನು ದಂಗಾದೆ. ಎಣ್ಣೆಯಲ್ಲಿ ಕರಿದ ಬೊಂಡಾ ತಿನ್ನುವುದು ಗೊತ್ತಿತ್ತು, ಕುಡಿಯುವುದು ಹೇಗೆ? ಅವರು ಎಳನೀರು ತಂದು ಕೊಟ್ಟರು. ನಾನು ಹೆದರಿ ಹೆದರಿ ಕುಡಿದೆ. ಆಮೇಲೆ ನಾನು, ನಿಜವೇ ಎನ್ನುವುದಕ್ಕೆ, "ಖರೇನ?" ಎಂದಾಗಲೆಲ್ಲ ಅವರು "ಎಂತ ಕರೆಯುವುದು?" ಎನ್ನುತ್ತಿದ್ದರು. ಹೀಗೆ ಒಂದೇ ಭಾಷೆಯ ಎರಡು ತುದಿಗಳಲ್ಲಿ ನಿಂತು ನಾವು ಗೆಳೆತನ ಮಾಡಿಕೊಂಡೆವು. ತೀರ ಕಷ್ಟವಾದಾಗ ಹಿಂದಿ ಇದ್ದೇ ಇತ್ತು, ಅದು ಇಬ್ಬರಿಗೂ ಸರಿಯಾಗಿ ಬರುತ್ತಿರಲಿಲ್ಲ.

ಅವರಿಗೆ ಒಬ್ಬನೇ ಮಗ, ಫೆಲಿಕ್ಸ್. ಸರಕಿನ ಹಡಗಿನ ಅಡುಗೆಮನೆಯಲ್ಲಿ ಕೆಲಸ. ರಜೆಗೆ ಬಂದನೆಂದರೆ ಚಾಳಿನ ಅಂಗಳದಲ್ಲಿ ದೊಡ್ಡ ಪಾತ್ರೆ ಇಟ್ಟು ಎಲ್ಲರಿಗೂ ಅಡುಗೆ ಮಾಡುತ್ತಿದ್ದ. ಉಪ್ಪು ಮಾತ್ರ ಹಡಗಿನ ಲೆಕ್ಕದಲ್ಲೇ ಹಾಕುತ್ತಿದ್ದ. ನಮ್ಮವರು ಒಮ್ಮೆ, "ಫೆಲಿಕ್ಸ, ನೀ ಸಮುದ್ರದ ನೀರಿನಾಗ ಸಾರು ಮಾಡತೀಯೇನೋ?" ಎಂದು ಕೇಳಿದಾಗ ಅವನು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ.

ಯುದ್ಧ ಶುರುವಾದಾಗ ಅವನ ಹಡಗು ಅರಬ್ಬೀ ಸಮುದ್ರದಲ್ಲಿ ಎಲ್ಲೋ ಇತ್ತು. ಕಂಪನಿಯ ಆಫೀಸಿಗೆ ಲೂಸಿಬಾಯಿಯ ಜೊತೆ ನಮ್ಮವರೂ ಹೋಗಿ ಬಂದರು. ಹಡಗುಗಳೆಲ್ಲ ವೈರ್‌ಲೆಸ್ ಬಂದ್ ಮಾಡಿವೆ, ಸುದ್ದಿ ಸಿಕ್ಕ ಕೂಡಲೇ ಹೇಳುತ್ತೇವೆ ಎಂದರಂತೆ. ಯುದ್ಧ ನಿಂತಿತು. ಕಾಗದ ಕಿತ್ತೆವು, ಬೀದಿ ದೀಪ ಹತ್ತಿತು. ಮಕ್ಕಳು ಮೊದಲ ಸಲ ಬೆಳಕು ಕಂಡವರಂತೆ ಕುಣಿದರು. ಆದರೆ ಸುದ್ದಿ ಬರಲಿಲ್ಲ.

ಕ್ರಿಸ್ಮಸ್ ಹತ್ತಿರ ಬಂತು. ಅವರು ಅದನ್ನು ನತಾಲ್ ಎನ್ನುತ್ತಿದ್ದರು. ಆ ಹಬ್ಬಕ್ಕೆ ಅವರ ಮನೆಗಳಲ್ಲಿ ಬಗೆಬಗೆಯ ತಿಂಡಿ ಮಾಡಿ, ತಟ್ಟೆಗೆ ಹೆಣೆದ ವಸ್ತ್ರ ಮುಚ್ಚಿ ನೆರೆಯವರಿಗೆ ಹಂಚುತ್ತಾರೆ. ಅದಕ್ಕೆ ಕುಸ್ವಾರ್ ಎಂದು ಹೆಸರು. ಆ ವರ್ಷ ಸಾವು ನಡೆದ ಮನೆಯಲ್ಲಿ ಮಾತ್ರ ಮಾಡುವುದಿಲ್ಲ. ಲೂಸಿಬಾಯಿಯ ಮನೆ ಯಾವ ಮನೆ ಎಂದು ಯಾರಿಗೆ ಗೊತ್ತು? ಚಾಳಿನ ಹೆಂಗಸರು ನಲ್ಲಿಯ ಹತ್ತಿರ ಇದನ್ನೇ ಮೆಲ್ಲಗೆ ಮಾತಾಡುತ್ತಿದ್ದರು. ಮಾಡಿದರೆ ಅಶುಭವಾದೀತೇ, ಮಾಡದಿದ್ದರೆ ತಾವೇ ಸಾವನ್ನು ಒಪ್ಪಿಕೊಂಡಂತಾದೀತೇ. ಅವರ ಮಿಷನ್ನಿನ ಸದ್ದು ಕೂಡ ನಾಲ್ಕಾರು ದಿನ ಕೇಳಲಿಲ್ಲ.

ಒಂದು ಮಧ್ಯಾಹ್ನ ಅವರೇ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಎರಡು ತೆಂಗಿನಕಾಯಿ.

"ಇದನ್ನು ತುರಿದು ಕೊಡು ಮಗಾ. ಹಾಲು ತೆಗೆಯಬೇಕು. ನನ್ನೊಬ್ಬಳಿಂದ ಆಗುವುದಿಲ್ಲ."

"ಲೂಸಿಬಾಯಿ, ಸುದ್ದಿ ಬಂತೇನ್ರಿ?"

"ಇಲ್ಲ."

ನಾನು ತೆಂಗಿನಕಾಯಿ ತೆಗೆದುಕೊಂಡೆ. ಅವರು ನನ್ನ ಮುಖ ನೋಡಿ ಹೇಳಿದರು, "ನನ್ನ ಮಗ ಬಂದರೆ ಮಾತ್ರ ದೇವರ ಮಗು ಹುಟ್ಟುವುದಾ? ಅದು ಹುಟ್ಟುತ್ತದೆ. ಹುಟ್ಟುವ ಮನೆಯಲ್ಲಿ ಒಲೆ ಉರಿಯಬೇಕಲ್ಲ."

ಅಂದು ತಮ್ಮ ಖೋಲಿಯಲ್ಲಿ ನನಗೆ ಅವರು ಕಿಡಿಯೊ ಮಾಡಲು ಕಲಿಸಿದರು. ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕಕ್ಕೆ ಹಾಕುವುದು. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳಗಳು. ಅರ್ಥ ಕೇಳಿದ ಮೇಲೆ ನನ್ನ ಕೈ ಒಂದು ಗಳಿಗೆ ನಿಂತದ್ದು ನಿಜ. ನಾನು ಸುತ್ತಿದವು ನಿಜವಾಗಿಯೂ ಹುಳದಂತಿದ್ದವು, ಅದೂ ಆರೋಗ್ಯ ಸರಿಯಿಲ್ಲದ ಹುಳ. ಅವರವು ಶಂಖದಂತಿದ್ದವು. ಕಿಟಕಿಯ ಗಾಜಿನ ಅಂಚಿಗೆ ಹರಿಯದೆ ಉಳಿದ ಕಪ್ಪು ಕಾಗದದ ನಡುವಿನಿಂದ ಬಿಸಿಲು ಬಂದು ಹಿಟ್ಟಿನ ಪರಾತದ ಮೇಲೆ ಬಿದ್ದಿತ್ತು. ಎಣ್ಣೆ ಕಾಯುವ ಸದ್ದು, ತೆಂಗಿನ ಹಾಲಿನ ವಾಸನೆ, ಅವರು ಗುನುಗುತ್ತಿದ್ದ ಯಾವುದೋ ಜಪ. ಆ ಮಧ್ಯಾಹ್ನ ಎಷ್ಟು ಉದ್ದವಿತ್ತೋ ತಿಳಿಯದು. ಈಗಲೂ ಕಣ್ಣು ಮುಚ್ಚಿದರೆ ಅದರೊಳಗೆ ಹೋಗಿ ಕೂತು ಬರಬಹುದು ಅನ್ನಿಸುತ್ತದೆ.

ಮೂಲೆಯಲ್ಲಿ ಅವರು ಗೋದಲಿ, ದೇವರ ಮಗು ಹುಟ್ಟುವ ಕೊಟ್ಟಿಗೆ, ಕಟ್ಟಿದ್ದರು. ಹಳೆಯ ಡಬ್ಬಿಗಳಲ್ಲಿ ಬೆಳೆಸಿದ ಗೋಧಿಯ ಪೈರು, ಹುಲ್ಲಿನ ಮಾಡು, ಮಣ್ಣಿನ ದನ, ಕುರುಬರು, ಜೋಸೆಫ್, ಮರಿಯಮ್ಮ. ನಡುವೆ ತೊಟ್ಟಿಲು ಬರಿದಾಗಿತ್ತು. ಮಗು ಎಲ್ಲಿ ಎಂದು ಕೇಳಿದೆ.

"ಇನ್ನೂ ಹುಟ್ಟಲಿಲ್ಲವಲ್ಲ. ಹಬ್ಬದ ರಾತ್ರಿ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಇಡುವುದು. ಅಲ್ಲಿಯವರೆಗೆ ಕಾಯಬೇಕು. ಈ ತಿಂಗಳೆಲ್ಲ ಕಾಯುವುದೇ ನಮ್ಮ ಕೆಲಸ." ಹುಲ್ಲಿನ ಮಾಡನ್ನು ಸರಿಪಡಿಸುತ್ತ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. "ದೇವರಿಗೆ ರಾಜನ ಹಾಗೆ ಬರಬಹುದಿತ್ತು. ಯಾರಾದರೂ ಎತ್ತಿಕೊಳ್ಳದಿದ್ದರೆ ಅಳುತ್ತಲೇ ಇರುವ ಮಗುವಾಗಿ ಬಂದ. ಅವನಿಗೂ ಒಬ್ಬ ತಾಯಿ ಬೇಕಾಯಿತು."

ಹಬ್ಬದ ಬೆಳಿಗ್ಗೆ ಅವರು ತಟ್ಟೆ ಹಿಡಿದು ಚಾಳಿನ ಪ್ರತಿಯೊಂದು ಬಾಗಿಲಿಗೂ ಹೋದರು. ಕಣ್ಣು ಊದಿಕೊಂಡಿತ್ತು, ಸೀರೆ ಹೊಸದು. ನಮ್ಮವರು ಒಂದು ಕಿಡಿಯೊ ಬಾಯಿಗೆ ಹಾಕಿಕೊಂಡು, "ಭಾಳ ಛಂದ ಆಗ್ಯಾವ್ರಿ ಬಾಯಿ," ಎಂದರು. ನಾನು ಸುತ್ತಿದ ವಕ್ರವಾದದ್ದೇ ಅವರ ಪಾಲಿಗೆ ಬಂದಿತ್ತು. ನಾನು ಹೋಗಿ ನೋಡಿದೆ, ಗೋದಲಿಯಲ್ಲಿ ಮಗು ಇತ್ತು. ಹೆಬ್ಬೆರಳಿನಷ್ಟು ಮಣ್ಣಿನ ಮಗು, ಎರಡೂ ಕೈ ಚಾಚಿಕೊಂಡಿತ್ತು.

ಫೆಬ್ರವರಿಯಲ್ಲಿ ಕಂಪನಿಯ ಇಬ್ಬರು ಬಂದರು. ದಾರಿ ಬದಲಿಸಿದ ಹಡಗು ಕೊನೆಗೂ ದೂರದ ಬಂದರೊಂದನ್ನು ಸುರಕ್ಷಿತವಾಗಿ ಸೇರಿತ್ತು, ಆದರೆ ಅದರಲ್ಲಿ ಫೆಲಿಕ್ಸ್ ಇರಲಿಲ್ಲ. ಯುದ್ಧ ಶುರುವಾದ ವಾರದಲ್ಲೇ, ಅಲೆ ಜೋರಾಗಿದ್ದ ದಿನ, ಡೆಕ್ಕಿನಿಂದ ಬಿದ್ದಿದ್ದ. ಹುಡುಕಿದರೂ ಸಿಕ್ಕಿರಲಿಲ್ಲ.

ಲೂಸಿಬಾಯಿ ಅಳುವಾಗ ನಾನು ಅವರ ಹತ್ತಿರ ಕೂತಿದ್ದೆ. ನನ್ನ ತಲೆಯಲ್ಲಿ ಒಂದೇ ವಿಚಾರ ಓಡುತ್ತಿತ್ತು. ನಾವು ಬಾಚಣಿಗೆಯ ಮೇಲೆ ಹಿಟ್ಟು ಒತ್ತುತ್ತಿದ್ದಾಗ ಅವನು ಇರಲೇ ಇಲ್ಲ. ಅವರು ಹೊಸ ಸೀರೆ ಉಟ್ಟು ಬಾಗಿಲು ಬಾಗಿಲಿಗೆ ಹೋದಾಗ ಇರಲೇ ಇಲ್ಲ. ನಾವು ಯಾರಿಗಾಗಿ ಕಾದೆವು? ನನಗೆ ಅವರ ದೇವರ ಮೇಲೆ ಸಿಟ್ಟು ಬಂತು. ನನ್ನ ದೇವರೇನು ಬೇರೆ ಮಾಡುತ್ತಿದ್ದನೋ ಗೊತ್ತಿಲ್ಲ, ಆದರೂ ಬಂತು. ಆ ಸಿಟ್ಟು ವರ್ಷವಿಡೀ ಹೋಗಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಅವರ ಮನೆ ಸಾವಿನ ಮನೆ, ಒಲೆಯ ಮೇಲೆ ಕುಸ್ವಾರ್ ಏರುವ ಹಾಗಿರಲಿಲ್ಲ. ನಾನೇ ಮಾಡಿದೆ. ನಮ್ಮವರು ದಾದರಿನ ಆಫೀಸಿನಿಂದ ಬರುತ್ತ ಹೊಸ ಬಾಚಣಿಗೆ ತಂದರು, ಬಂದವರು ಕೈ ತೊಳೆದು ಸುತ್ತಲೂ ಕೂತರು. "ನಾ ಗುಮಾಸ್ತ ಆಗಿದ್ದು ಇದಕ್ಕ ಏನು," ಎನ್ನುತ್ತ ಅವರು ಸುತ್ತಿದವು ನನ್ನವಕ್ಕಿಂತ ಚೆನ್ನಾಗಿದ್ದವು. ಈ ಮಾತನ್ನು ನಾನು ಅವರಿಗೆ ಎಂದೂ ಹೇಳಲಿಲ್ಲ.

ತಟ್ಟೆ ಹಿಡಿದು ಹೋದಾಗ ಗೋದಲಿ ಮೊದಲಿನ ಹಾಗೆಯೇ ಕಟ್ಟಿತ್ತು, ತೊಟ್ಟಿಲಲ್ಲಿ ಮಗು ಇತ್ತು. ನನಗೆ ತಡೆಯಲಾಗಲಿಲ್ಲ.

"ಹೋದ ವರ್ಷ ನಾವು ಅಷ್ಟು ಕಾದ್ವಿ. ಎಲ್ಲಾ ಸುಳ್ಳಾತಲ್ರಿ ಬಾಯಿ. ಮತ್ತೂ ಹೆಂಗ ಹಬ್ಬಾ ಮಾಡತೀರಿ?"

ಅವರು ತಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟು, ನನ್ನನ್ನು ಮಿಷನ್ನಿನ ಸ್ಟೂಲಿನ ಮೇಲೆ ಕೂರಿಸಿದರು.

"ಮರಿಯಮ್ಮನ ಮಗನೂ ಉಳಿಯಲಿಲ್ಲ ಮಗಾ. ಅವಳ ಕಣ್ಣೆದುರೇ ಹೋದ. ಅವನು ತಿರುಗಿ ಎದ್ದು ಬಂದ, ನನ್ನ ಫೆಲಿಕ್ಸನನ್ನೂ ಎಬ್ಬಿಸುತ್ತಾನೆ, ಅದು ನನ್ನ ನಂಬಿಕೆ. ಅದನ್ನು ನೀನು ನಂಬಬೇಕೆಂದು ಹೇಳುವುದಿಲ್ಲ. ಆದರೆ ನೋಡು, ಹೋಗುತ್ತಾನೆ ಎಂದು ಗೊತ್ತಿದ್ದೂ ನಾವು ಪ್ರತಿ ವರ್ಷ ಹುಟ್ಟಿದ ದಿನವನ್ನೇ ಮಾಡುತ್ತೇವೆ. ಬಂದನಲ್ಲ. ನನ್ನ ಮಡಿಲಲ್ಲಿ ಮಲಗಿದನಲ್ಲ. ಅದನ್ನು ಸಮುದ್ರ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ."

ಆಮೇಲೆ ನಾನು ಮಾಡಿದ ಕಿಡಿಯೊ ಒಂದನ್ನು ತಿಂದು, ಪಾಕ ಸ್ವಲ್ಪ ಗಟ್ಟಿಯಾಗಿದೆ ಎಂದರು.

ಜೂನಿನಲ್ಲಿ, ಮಳೆ ಹಿಡಿದ ಒಂದು ಸಂಜೆ, ಲೂಸಿಬಾಯಿ ಚಾಳಿನವರನ್ನೆಲ್ಲ ಪಾಯಸಕ್ಕೆ ಕರೆದರು. ಫೆಲಿಕ್ಸ್ ಹುಟ್ಟಿದ ದಿನ. ಎಲ್ಲರೂ ತಲೆ ತಗ್ಗಿಸಿ ಬಟ್ಟಲು ಹಿಡಿದು ಕೂತಿದ್ದೆವು. ನಮ್ಮವರು ಒಂದು ಚಮಚ ಬಾಯಿಗಿಟ್ಟು, "ಫೆಲಿಕ್ಸ ಮಾಡಿದ್ರ ಇದಕ್ಕೂ ಉಪ್ಪು ಹಾಕತಿದ್ದ," ಎಂದರು. ಮೊದಲು ನಕ್ಕವರು ಲೂಸಿಬಾಯಿ. ಆಮೇಲೆ ಒಬ್ಬೊಬ್ಬರೂ ಅವನ ಒಂದೊಂದು ಕಥೆ ತೆಗೆದರು. ಮಳೆ ನಿಂತರೂ ಯಾರೂ ಏಳಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ಊರಲ್ಲಿದ್ದ ಅಕ್ಕನ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ನಾವು ಚಾಳು ಬಿಟ್ಟು ಇಲ್ಲಿಗೆ ಬಂದೆವು. ನಮ್ಮವರೂ ಹೋಗಿ ಈಗ ಮೂರು ವರ್ಷ. ಹೋದವರ ತಿಥಿಯನ್ನು ನಾವು ತಪ್ಪದೆ ಮಾಡುತ್ತೇವೆ, ಮಗ ಎಲ್ಲ ಕ್ರಮವಾಗಿ ಮಾಡಿಸುತ್ತಾನೆ. ನಮ್ಮವರು ಹುಟ್ಟಿದ ದಿನ ಮಾತ್ರ ಮೂರು ವರ್ಷದಿಂದ ಸದ್ದಿಲ್ಲದೆ ಬಂದು, ಬಾಗಿಲಲ್ಲಿ ನಿಂತು, ಯಾರೂ ಕರೆಯದೆ ತಿರುಗಿ ಹೋಗುತ್ತಿತ್ತು. ಆ ದಿನ ಬೇರೆ ಕೆಲಸ ಹುಡುಕಿಕೊಂಡು ನಾನೇ ಓಡಾಡುತ್ತಿದ್ದೆ.

ಆ ಹುಟ್ಟಿದ ದಿನ ಇವತ್ತು. ಬೆಳಿಗ್ಗೆ ಎದ್ದವಳೇ ಗೋಧಿ ಹುಗ್ಗಿಗೆ ಇಟ್ಟೆ. ಅವರಿಗೆ ಪ್ರಾಣವಾದ ಹುಗ್ಗಿ, ಮೇಲೆ ಗಸಗಸೆ. ಮೊಮ್ಮಗ ಶಾಲೆಯಿಂದ ಬಂದವನು ವಾಸನೆ ಹಿಡಿದು ನೇರ ಅಡುಗೆಮನೆಗೆ ಬಂದ. ಅವನ ಕನ್ನಡ ಮೂರು ಭಾಷೆಗಳ ಮೇಲೆ ಕಾಲಿಟ್ಟು ನಡೆಯುತ್ತದೆ.

"ಅಜ್ಜಿ, ಆಜ್ ಯಾರ್ದು ಬರ್ತ್‌ಡೇ?"

"ನಿಮ್ಮ ಅಜ್ಜಂದು."

ಅವನು ಪಾತ್ರೆಯೊಳಗೆ ಇಣುಕಿದ. "ಪಣ್ ಅಜ್ಜ ಇಲ್ಲಲ್ಲಾ."

"ಇಲ್ಲ. ಆದ್ರ ಹುಟ್ಟಿದ್ದು ಖರೇನ ಅದ."

ಅವನಿಗೆ ಅದು ಸರಿಯೆನಿಸಿರಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಾಟು ಮುಂದಕ್ಕೆ ಸರಿಸಿದ. ಒಳಗಿನಿಂದ ಸೊಸೆ ಬಂದು ಅವನ ಪಕ್ಕದಲ್ಲಿ ಕೂತಳು. ನಾನು ಬಡಿಸಲು ಶುರುಮಾಡಿದೆ. ಬಡಿಸುತ್ತ, ಮದುವೆಯಾದ ಹೊಸದರಲ್ಲಿ ಅವರು ನನ್ನನ್ನು ಲೋಕಲ್ ಹತ್ತಿಸಲು ಹೋಗಿ ತಾವೇ ಪ್ಲಾಟ್‌ಫಾರ್ಮಿನಲ್ಲಿ ಉಳಿದುಬಿಟ್ಟ ಕಥೆ ಹೇಳತೊಡಗಿದೆ.