ಗುಲಾಬಿ ಬೂಷ್ಟು ಹಿಡಿದ ಮೆಕ್ಕೆಜೋಳ

ಕುದುರೆ ಗೋಡೆಗೆ ಹಣೆ ಒತ್ತಿ ನಿಂತಾಗ ಬರುವ ಸದ್ದು ದೊಡ್ಡದೇನಲ್ಲ. ಮೊದಲು ಮೆತ್ತಗೆ ದಬ್ ಅನ್ನುತ್ತದೆ, ಆಮೇಲೆ ತಲೆ ಉಜ್ಜುವ, ಮಣ್ಣು ಉದುರುವ ಸದ್ದು. ಕೊಟ್ಟೂರಿನ ನನ್ನ ಅಡುಗೆಮನೆಯ ಹಿಂದಿನಿಂದ ಎರಡು ದಿನ ಅದನ್ನು ಕೇಳಿದೆ. ಮೊದಲ ದಿನ ಯಾರೋ ಗೋಡೆಗೆ ಗಿಲಾವು ಮಾಡಿಸುತ್ತಿದ್ದಾರೆ ಅಂದುಕೊಂಡಿದ್ದೆ.

ಗೋಡೆಯಾಚೆ ಇದ್ದವರು ಕುದುರೆ ಸಾಬರು ಮತ್ತು ಅವರ ಹೆಂಡತಿ. ಅವರ ಬಿಳಿ ಹೆಣ್ಣುಕುದುರೆ ಮದುವೆ ಮೆರವಣಿಗೆಗೆಂದು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಗೆಲ್ಲ ಹೋಗುತ್ತಿತ್ತು. ಬ್ಯಾಂಡಿನ ಗದ್ದಲಕ್ಕೆ ಬೆದರುತ್ತಿರಲಿಲ್ಲ. ಮನೆ ನಡೆಯುತ್ತಿದ್ದುದೇ ಅದರಿಂದ. ಹೊಲ, ಅಂಗಡಿ ಯಾವುದೂ ಇರಲಿಲ್ಲ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಕಾಲೇಜಿನಲ್ಲಿ ಬಾಟನಿ ಕಲಿಸಿದವಳು. ರಿಟೈರ್ ಆದಾಗ, ಕಾಲೇಜಿನವರು ಎಸೆಯಲಿದ್ದ ಹಳೆಯ ಮೈಕ್ರೋಸ್ಕೋಪನ್ನು ಕೇಳಿ ತಂದುಕೊಂಡಿದ್ದೆ. ಅದು ವರಾಂಡದಲ್ಲಿ ಕೂತ ಮೇಲೆ ಜನ ರೋಗ ಬಂದ ಎಲೆ, ಕೊಳೆತ ಗಡ್ಡೆ ತರತೊಡಗಿದರು. ನಾನು ನೋಡಿ ಒಂದು ಲ್ಯಾಟಿನ್ ಹೆಸರು ಹೇಳುತ್ತಿದ್ದೆ. ಹೆಸರು ಸಿಕ್ಕರೆ ಅರ್ಧ ರೋಗ ಹೋಯಿತೆಂಬಂತೆ ಅವರು ಎದ್ದು ಹೋಗುತ್ತಿದ್ದರು. ಐ ಎಂಜಾಯ್ಡ್ ಇಟ್, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ಹೊಸಹಳ್ಳಿ ಕಡೆ ಟಾರ್ ರಸ್ತೆಯ ಮೇಲೆ ಹರವಿದ್ದ ಮೆಕ್ಕೆಜೋಳವನ್ನು ರಾಶಿ ಮಾಡಿ ತಾಡಪತ್ರಿ ಹೊದಿಸಿದರು. ಒಳಗೆ ಕಾವು ಕಟ್ಟಿತು. ತೆಗೆದಾಗ ಕಾಳಿನ ಮೇಲೆ ನಸುಗುಲಾಬಿ ಬೂಷ್ಟು. ಚೊಕ್ಕ ಕಾಳು ಮಂಡಿಗೆ, ಬೂಷ್ಟು ಹಿಡಿದದ್ದು ದನಕ್ಕೆ, ಇದು ನಮ್ಮ ಕಡೆಯ ರೂಢಿ. ಆ ದನದ ಪಾಲಿನಲ್ಲಿ ಎರಡು ಚೀಲವನ್ನು ಒಂದು ಮದುವೆಮನೆಯವರು ಸಾಬರ ಕುದುರೆಗೆಂದು ಕೊಟ್ಟು ಕಳಿಸಿದ್ದರು.

ಸಾಬರು ಒಂದು ಹಿಡಿ ಕಾಳು ಹಿಡಿದು ವರಾಂಡಕ್ಕೆ ಬಂದರು, ಹಿಂದೆಯೇ ಹೆಂಡತಿ.

"ವಾಸನಿ ಬರ್ತೈತಿ, ಹಾಕಬ್ಯಾಡ ಅಂತಾಳ್ರಿ ಮೇಡಂ. ನೀವೊಂದು ಮಾತು ಹೇಳ್ರಿ. ಇಕಿ ಮೂಗಿಗೆ ನನ್ನ ಅತ್ತರೂ ವಾಸನಿನ."

"ಲದ್ದಿ ಮ್ಯಾಲ ಅತ್ತರ ಬಳಕೊಂಡ್ರ ಇನ್ನೇನು ಬರ್ತೈತ್ರಿ" ಅಂದರು ಹೆಂಡತಿ.

ನಾನು ಸ್ಲೈಡ್ ಮಾಡಿ ನೋಡಿದೆ. ಸರಪಳಿಯಂತೆ ಪೋಣಿಸಿಕೊಂಡ ಸಣ್ಣ ಬೀಜಕಣಗಳು, ಫ್ಯುಸೇರಿಯಂ. "ಕಾಮನ್ ಮೋಲ್ಡ್ ಸಾಬ್ರೆ. ಎಲ್ಲ ಹೊಲದಾಗೂ ಇರ್ತೈತಿ. ತೊಳೆದು, ಚೆನ್ನಾಗಿ ಒಣಗಿಸಿ ಹಾಕ್ರಿ" ಅಂದೆ.

ಸಾಬರು ಗೆದ್ದವರಂತೆ ಹೆಂಡತಿಯ ಕಡೆ ನೋಡಿದರು.

ತಿಂಗಳಾಗುವಷ್ಟರಲ್ಲಿ ಕುದುರೆ ಮೇವು ಬಿಟ್ಟಿತು. ಒಂದೇ ದಿಕ್ಕಿಗೆ ಸುತ್ತತೊಡಗಿತು, ಕಣ್ಣು ಕಾಣದೆ ನೀರಿನ ಬಾನಿಗೆ ಎಡವಿತು. ಆಮೇಲೆ ಆ ಗೋಡೆ. ಮೂರನೆಯ ಬೆಳಿಗ್ಗೆ ಸದ್ದಿರಲಿಲ್ಲ. ದನದ ಡಾಕ್ಟರು ತಲೆ ಬಿಡಿಸಿ ನೋಡಿ, ಮೆದುಳಿನ ಒಳಗೆ ಒಂದು ಕಡೆ ಕರಗಿ ನೀರಾಗಿದೆ, ಏನು ತಿಂದಿತ್ತು ಎಂದು ಕೇಳಿದರು.

"ನದರಾಗೈತ್ರಿ" ಅಂದರು ಸಾಬರು. "ಹಿರೇಹಡಗಲಿ ಮದುವ್ಯಾಗ ಎಲ್ಲರ ಕಣ್ಣೂ ಇದರ ಮ್ಯಾಲ ಇದ್ವು."

ನಾನು ಅಲ್ಲೇ ನಿಂತಿದ್ದೆ. ಕಾಳಿನ ಮಾತು ಎತ್ತದೆ ಮನೆಗೆ ಬಂದೆ.

ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅವಳು ಟೊಮ್ಯಾಟೊ ಕಾಂಡ ಸಾಯಿಸುವ ಒಂದು ಶಿಲೀಂಧ್ರದ ಮೇಲೆ ಸಂಶೋಧನೆ ಮಾಡುವವಳು. "ಶೇಪ್ ನೋಡಿ ವಿಷ ಇದೆಯೋ ಇಲ್ಲವೋ ಹೇಳೋಕಾಗಲ್ಲ ಮೇಡಂ" ಅಂದಳು. ಅವಳ ಶಿಲೀಂಧ್ರದಲ್ಲಿ ಒಂದು ಹೆಚ್ಚಿನ ಕ್ರೋಮೋಸೋಮ್ ಇರುತ್ತದಂತೆ. ವಿಷ ತಯಾರಿಸುವ ಜೀನ್‌ಗಳಿರುವುದು ಅದರಲ್ಲಿ. ಅದು ಕಳೆದುಹೋದರೂ ಶಿಲೀಂಧ್ರ ಬದುಕುತ್ತದೆ, ಬೆಳೆಯುತ್ತದೆ, ಮೈಕ್ರೋಸ್ಕೋಪಿನಲ್ಲಿ ಮೊದಲಿನಂತೆಯೇ ಕಾಣುತ್ತದೆ. ಗಿಡವನ್ನು ಕೊಲ್ಲಲು ಮಾತ್ರ ಆಗುವುದಿಲ್ಲ. ಅದಕ್ಕೇ ಅದನ್ನು ಡಿಸ್ಪೆನ್ಸಬಲ್, ಇಲ್ಲದಿದ್ದರೂ ನಡೆಯುವಂಥದ್ದು, ಅನ್ನುತ್ತಾರಂತೆ. ಮೆಕ್ಕೆಜೋಳದ ಬೂಷ್ಟಿನಲ್ಲಿ ಆ ಜೀನ್‌ಗಳು ಮುಖ್ಯ ಕ್ರೋಮೋಸೋಮಿನಲ್ಲೇ ಇರುತ್ತವೆ, ಆದರೆ ವಿಷ ಅದಕ್ಕೆ ಒಡಹುಟ್ಟಿದಂಥದೇ. ಕುದುರೆಯ ಮೆದುಳಿಗೆ ಅದರಷ್ಟು ಕೆಟ್ಟದ್ದಿಲ್ಲ. ತೊಳೆದರೆ ಪೂರ್ತಿ ಹೋಗುವುದಿಲ್ಲ, ಬೇಯಿಸಿದರೂ ಅಷ್ಟೆ. ಒಂದು ಜೀವಿಗೆ ಇಂತಿಷ್ಟೇ ಕ್ರೋಮೋಸೋಮ್ ಎಂದು ಬೋರ್ಡಿನ ಮೇಲೆ ಬರೆದು ಅವಳಿಗೆ ಕಲಿಸಿದವಳು ನಾನೇ.

ಕೊನೆಗೆ ಅವಳು ಕೇಳಿದಳು: "ಉಳಿದ ಕಾಳು ಎಲ್ಲಿದೆ ಮೇಡಂ?"

ಚಪ್ಪಲಿ ಮೆಟ್ಟದೆ ಸಾಬರ ಮನೆಗೆ ಓಡಿದೆ. ಎರಡನೆಯ ಚೀಲ ಅರ್ಧಕ್ಕಿಳಿದಿತ್ತು. ಅವರ ಹೆಂಡತಿ ಒಲೆಯ ಮುಂದೆ ಮೆಕ್ಕೆಜೋಳದ ರೊಟ್ಟಿ ಬೇಯಿಸುತ್ತಿದ್ದರು. ಸಾಬರು ತಟ್ಟೆಯ ಮುಂದೆ ಕೂತಿದ್ದರು.

"ತಿನ್ನಬ್ಯಾಡ್ರಿ."

"ತೊಳದು ಒಣಗಿಸೇ ಬೀಸೇನ್ರಿ, ನೀವು ಹೇಳಿದಂಗ" ಅಂದರು ಹೆಂಡತಿ. "ಈಗ ವಾಸನಿ ಇಲ್ಲ."

"ಕುದುರೆ ಸತ್ತದ್ದು ಈ ಕಾಳಿನಿಂದ. ನಾನು ತಪ್ಪು ಹೇಳಿದೆ."

ಸಾಬರು ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟರು. "ನದರ್ ಅಲ್ಲೇನ್ರಿ?"

"ಅಲ್ಲ."

ಹೆಂಡತಿ ಹಂಚಿನ ಮೇಲಿದ್ದ ರೊಟ್ಟಿ ತೆಗೆದು ಒಲೆಗೆ ಹಾಕಿದರು. "ನಾ ಮೂಗಿನ್ಯಾಗ ಹಿಡದು ಹೇಳಿದ್ದೆ. ನೀವು ಗಾಜಿನ್ಯಾಗ ನೋಡಿ ಹೇಳಿದ್ರಿ. ಇವರು ಯಾರ ಮಾತು ಕೇಳ್ತಾರ?"

"ಸುಮ್ನಿರ ಲೇ" ಅಂದರು ಸಾಬರು. "ಗೊತ್ತಿದ್ರ ಮೇಡಂ ಹೇಳ್ತಿದ್ದಿಲ್ಲೇನು?"

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೇರೆ ಕುದುರೆ ಕೊಡಿಸುತ್ತೇನೆ ಅಂದೆ, ಬೇಡವೆಂದು ತಲೆಯಾಡಿಸಿದರು. ಊರಾಚೆ ಗುಂಡಿ ತೋಡಿ ಚೀಲ ಹೂತು ಬಂದರು. ಆಮೇಲೆ ಹೆಚ್ಚು ದಿನ ಅವರು ಆ ಮನೆಯಲ್ಲಿರಲಿಲ್ಲ.

ಸಾಬರನ್ನು ನಾನು ಕೊನೆಯ ಸಲ ಕಂಡದ್ದು ಹರಪನಹಳ್ಳಿಯ ಒಂದು ಮದುವೆಯಲ್ಲಿ. ಇನ್ನೂ ಸಂಜೆಯ ಬೆಳಕಿತ್ತು. ಮದುಮಗ ಹೂ ಕಟ್ಟಿದ ಕಾರಿನಲ್ಲಿ ಕೂತಿದ್ದ. ಎರಡೂ ಕಡೆ ತಲೆಯ ಮೇಲೆ ದೀಪ ಹೊತ್ತ ಕೂಲಿಯವರ ಸಾಲು, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವೈರು. ಮೂರನೆಯವರು ಸಾಬರು. ನನ್ನನ್ನು ಕಂಡು ಕೈ ಎತ್ತಲು ಹೋದರು. ದೀಪ ವಾಲಿತು, ಸಾಲೆಲ್ಲ ಜಗ್ಗಿತು. ಹಿಂದಿನವನು ಬೈದ. ಅವರು ಎರಡೂ ಕೈಯಿಂದ ದೀಪ ಹಿಡಿದುಕೊಂಡು, "ಸಲಾಮ್ರಿ ಮೇಡಂ" ಎಂದು ಬಾಯಲ್ಲೇ ಹೇಳಿ ಮುಂದೆ ಹೋದರು.